ಜಯಲಕ್ಷ್ಮೀಪುರಂ, ಸಿದ್ಧಾರ್ಥನಗರ, ಕುವೆಂಪುನಗರ: ಮೈಸೂರಿನಲ್ಲಿ ಮನೆ ಎಲ್ಲಿ ಕೊಳ್ಳೋಣ?

ಓದುಗರ ಪ್ರಶ್ನೆ: ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಈಗ ಮೈಸೂರಿಗೆ ವಾಪಸ್ ಬರುತ್ತಿದ್ದೇವೆ. ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ದೊಡ್ಡವಳು ಏಳನೇ ಕ್ಲಾಸು, ಚಿಕ್ಕವನು ಮೂರನೇ ಕ್ಲಾಸು. ಮಾವನವರಿಗೆ ಹೃದಯದ ತೊಂದರೆ ಇದೆ, ಆಗಾಗ ಜಯದೇವ ಆಸ್ಪತ್ರೆಗೆ ತೋರಿಸಬೇಕು. ನಮ್ಮವರು ವಾರಕ್ಕೆ ಎರಡು ದಿನ ಬೆಂಗಳೂರಿನ ಆಫೀಸಿಗೆ ಹೋಗಿ ಬರಬೇಕು. ಜಯಲಕ್ಷ್ಮೀಪುರದಲ್ಲಿ ಒಂದು ಹಳೇ ಮನೆ, ಸಿದ್ಧಾರ್ಥನಗರದಲ್ಲಿ ಒಂದು, ಕುವೆಂಪುನಗರದಲ್ಲಿ ಒಂದು ನೋಡಿದ್ದೇವೆ. ಅದೇ ದುಡ್ಡಿಗೆ ರಿಂಗ್ ರಸ್ತೆಯ ಆಚೆ ಗೇಟೆಡ್ ಬಡಾವಣೆಯಲ್ಲಿ ದೊಡ್ಡ ಹೊಸ ಮನೆಯೇ ಸಿಗುತ್ತಿದೆ. ಯಾವುದು ಒಳ್ಳೇದು?

ಉತ್ತರ:

ನಿಮ್ಮ ಮನೆಯಲ್ಲಿ ಆರು ಜನ. ಅದರಲ್ಲಿ ಗಾಡಿ ಓಡಿಸುವವರು ಇಬ್ಬರು. ಉಳಿದ ನಾಲ್ಕು ಜನ ನಡೆಯಬೇಕು, ಬಸ್ಸು ಹತ್ತಬೇಕು, ಇಲ್ಲವೇ ನಿಮ್ಮಿಬ್ಬರಲ್ಲಿ ಒಬ್ಬರು ಕರೆದುಕೊಂಡು ಹೋಗಲಿ ಅಂತ ಕಾಯಬೇಕು. ನನ್ನ ಕೇಳಿದರೆ ಆ ನಾಲ್ಕು ಜನರ ದಿನ ಯಾವ ಬೀದಿಯಲ್ಲಿ ಸಲೀಸಾಗಿ ಕಳೆಯುತ್ತದೋ ಆ ಬೀದಿಯಲ್ಲಿ ಮನೆ ಕೊಳ್ಳಿ. ಬಡಾವಣೆಯ ಹೆಸರು, ಹಾಲಿನ ಅಳತೆ, ಮುಂದೆ ರೇಟು ಎಷ್ಟಾಗಬಹುದು ಅನ್ನುವ ಲೆಕ್ಕ ಎಲ್ಲ ಅದಾದ ಮೇಲೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ನಾವೂ ಮೊದಲು ರಿಂಗ್ ರಸ್ತೆಯ ಆಚೆಯೇ ಕೊಂಡಿದ್ದೆವು. ಒಳ್ಳೆಯ ಮನೆ. ಗಾಳಿ, ಬೆಳಕು, ಕಾರು ನಿಲ್ಲಿಸಲು ಜಾಗ, ಎಲ್ಲ ಇತ್ತು. ಮಾರುವಾಗ ಪಾರ್ಕು ಬರುತ್ತೆ, ಕಾವೇರಿ ನೀರು ಬರುತ್ತೆ, ಬಸ್ಸು ಬರುತ್ತೆ ಅಂದರು. ನಾಲ್ಕು ವರ್ಷವಾದರೂ ಪಾರ್ಕಿನ ಜಾಗದಲ್ಲಿ ಪಾರ್ಥೇನಿಯಂ ಬೆಳೆದಿತ್ತು, ನೀರು ಟ್ಯಾಂಕರ್‌ನಲ್ಲಿ ಬರುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಅಮ್ಮನ ಪಾಡು ನೋಡಲು ಆಗುತ್ತಿರಲಿಲ್ಲ. ಅಗ್ರಹಾರದಲ್ಲಿದ್ದಾಗ ಬೆಳಗ್ಗೆ ಹೂವು, ಹತ್ತು ಗಂಟೆಗೆ ತರಕಾರಿ, ಸಂಜೆ ದೇವಸ್ಥಾನ ಅಂತ ದಿನಕ್ಕೆ ಮೂರು ಸಲ ಹೊರಗೆ ಹೋಗುತ್ತಿದ್ದವರು. ಇಲ್ಲಿ ಗೇಟಿನ ತನಕ ಹೋಗಿ ವಾಪಸ್ ಬರುತ್ತಿದ್ದರು. "ಮಾತಾಡೋಕೆ ಒಬ್ರೂ ಇಲ್ಲ ಕಣೋ" ಅನ್ನುತ್ತಿದ್ದರು. ಕೊನೆಗೆ ಆ ಮನೆ ಮಾರಿ ಸರಸ್ವತಿಪುರಂನಲ್ಲಿ ಚಿಕ್ಕದೊಂದು ಮನೆಗೆ ಬಂದೆವು. ಬಂದ ವಾರದಲ್ಲೇ ಅಮ್ಮ ಹಾಲಿನ ಬೂತಿನವರ ಮಗಳ ಮದುವೆ ವಿಷಯ ಮಾತಾಡುತ್ತಿದ್ದರು.

ಈಗ ನೀವು ನೋಡಿರುವ ಜಾಗಗಳಿಗೆ ಬರೋಣ.

ಜಯಲಕ್ಷ್ಮೀಪುರಂ, ಗೋಕುಲಂ, ಒಂಟಿಕೊಪ್ಪಲು, ಯಾದವಗಿರಿ ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಜಾಗಗಳು. ನಿಮ್ಮ ಮನೆಯ ಅಗತ್ಯಗಳಿಗೆ ಇವು ಜಾಸ್ತಿ ಹೊಂದುತ್ತವೆ ಅಂತ ನನಗೆ ಅನಿಸುತ್ತದೆ. ಜಯದೇವ ಆಸ್ಪತ್ರೆ ಕೆ.ಆರ್.ಎಸ್. ರಸ್ತೆಯಲ್ಲಿದೆ, ಇಲ್ಲಿಂದ ಹತ್ತಿರ. ಮಾವನವರಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಊರು ದಾಟಬೇಕಿಲ್ಲ. ರೈಲು ನಿಲ್ದಾಣ ಹತ್ತಿರ. ಕಾರಿನಲ್ಲಿ ಹೋಗುವುದಾದರೆ ರಿಂಗ್ ರಸ್ತೆ ಹಿಡಿದು ಬೆಂಗಳೂರು ಎಕ್ಸ್‌ಪ್ರೆಸ್‌ವೇ ಸೇರುವುದೂ ಸುಲಭ. ಅತ್ತೆಯವರಿಗೆ ಒಂಟಿಕೊಪ್ಪಲಿನ ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನ ಇದೆ, ಚೆಲುವಾಂಬ ಪಾರ್ಕು ಇದೆ. ಮಕ್ಕಳಿಗೆ ಶಾಲೆ, ಕಾಲೇಜು ಸುತ್ತಮುತ್ತಲೇ ಇವೆ. ಮಗಳಿಗೆ ಇನ್ನು ಮೂರು ನಾಲ್ಕು ವರ್ಷಕ್ಕೆ ಪಿಯುಸಿ ಬರುತ್ತೆ ಅನ್ನೋದನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆದರೆ ಇಲ್ಲಿ ಯಾವ ಬೀದಿ ಅನ್ನೋದು ಬಹಳ ಮುಖ್ಯ. ಕಾಳಿದಾಸ ರಸ್ತೆ ಒಂದು ಕಾಲಕ್ಕೆ ಮನೆಗಳ ರಸ್ತೆ. ಈಗ ಅಂಗಡಿ, ಹೋಟೆಲು, ಕೆಫೆ ತುಂಬಿವೆ. ಗೋಕುಲಂನಲ್ಲಿ ಯೋಗ ಕಲಿಯಲು ದೇಶ ವಿದೇಶದಿಂದ ಬಂದವರು ತಿಂಗಳುಗಟ್ಟಲೆ ಉಳಿಯುತ್ತಾರೆ. ಅದರಿಂದ ಬಾಡಿಗೆಗೆ ಒಳ್ಳೆಯ ಬೇಡಿಕೆ ಇದೆ. ನಿಮಗೆ ಮೇಲಿನ ಮಹಡಿ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಇದು ಅನುಕೂಲ. ಪಕ್ಕದ ಮನೆ ಪೂರ್ತಿ ಹೋಮ್‌ಸ್ಟೇ ಆಗಿದ್ದರೆ ಅಕ್ಕಪಕ್ಕದವರು ಅನ್ನುವವರೇ ಇರುವುದಿಲ್ಲ, ಅದನ್ನೂ ನೋಡಿ. ಮುಖ್ಯ ರಸ್ತೆಯಿಂದ ಎರಡು ಮೂರು ಕ್ರಾಸ್ ಒಳಗೆ ಹೋದರೆ ಇವತ್ತಿಗೂ ಬೆಳಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುವ ಬೀದಿಗಳಿವೆ. ಅಂಥ ಬೀದಿ ಹುಡುಕಿ.

ಸಿದ್ಧಾರ್ಥನಗರ ನನಗೆ ತುಂಬ ಇಷ್ಟವಾದ ಜಾಗ. ಅಗಲ ರಸ್ತೆ, ಮರ, ಎದುರಿಗೆ ಚಾಮುಂಡಿ ಬೆಟ್ಟ. ಕಾರಂಜಿ ಕೆರೆ, ಮೃಗಾಲಯ ಪಕ್ಕದಲ್ಲಿ. ಬೆಳಗ್ಗೆ ಲಲಿತಮಹಲ್ ರಸ್ತೆಯಲ್ಲಿ ನಡೆದರೆ ದಿನವೆಲ್ಲ ಹಗುರಾಗಿರುತ್ತದೆ. ಬೆಂಗಳೂರು ಕಡೆಗೂ ಇಲ್ಲಿಂದ ಊರೊಳಗೆ ಹೋಗದೆ ರಿಂಗ್ ರಸ್ತೆಯಲ್ಲೇ ಹೋಗಬಹುದು. ಹೊಸ ಜಿಲ್ಲಾಧಿಕಾರಿ ಕಚೇರಿ ಬಂದ ಮೇಲೆ ಓಡಾಟ ಜಾಸ್ತಿಯಾಗಿದೆ, ಒಳಗಿನ ಬೀದಿಗಳು ಈಗಲೂ ಶಾಂತ. ನಿಮ್ಮ ವಿಷಯದಲ್ಲಿ ನನಗಿರುವ ಅನುಮಾನ ಎರಡು. ಜಯದೇವಕ್ಕೆ ಇಲ್ಲಿಂದ ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ದಸರಾ ಸಮಯದಲ್ಲಿ ಅರಮನೆ, ವಸ್ತುಪ್ರದರ್ಶನ, ಮೃಗಾಲಯದ ಸುತ್ತ ಗಾಡಿ ಅಲ್ಲಾಡುವುದಿಲ್ಲ, ಆಗ ಆಂಬುಲೆನ್ಸ್ ಕರೆಸಬೇಕಾದರೆ ಕಷ್ಟ. ಇನ್ನೊಂದು, ಕೆಲವು ಬೀದಿಗಳಿಂದ ದಿನಸಿ, ತರಕಾರಿಗೆ ಒಂದಷ್ಟು ದೂರ ಹೋಗಬೇಕು. ನಿವೃತ್ತರಾದ ಗಂಡ ಹೆಂಡತಿ ಇಬ್ಬರೇ ಇದ್ದು, ಆರೋಗ್ಯ ಚೆನ್ನಾಗಿದ್ದರೆ ನಾನು ಕಣ್ಣು ಮುಚ್ಚಿ ಸಿದ್ಧಾರ್ಥನಗರ ಅನ್ನುತ್ತಿದ್ದೆ.

ಕುವೆಂಪುನಗರದಲ್ಲಿ ಬದುಕು ನಡೆಸುವುದು ಸುಲಭ. ಕಾಂಪ್ಲೆಕ್ಸ್ ಹತ್ತಿರ ಏನು ಬೇಕಾದರೂ ಸಿಗುತ್ತದೆ. ಬಸ್ಸು ಬೇಕಾದಷ್ಟು. ಅಪೋಲೋ ಬಿಜಿಎಸ್ ಆಸ್ಪತ್ರೆ ಅಲ್ಲೇ ಇದೆ. ಅನಿಕೇತನ ರಸ್ತೆ, ಪಂಚಮಂತ್ರ ರಸ್ತೆ, ವಿಶ್ವಮಾನವ ಜೋಡಿ ರಸ್ತೆ ಅನ್ನುವ ವಿಳಾಸ ಬರೆಯುವುದೇ ಒಂದು ಖುಷಿ. ಬೀದಿಗಳಿಗೆ ಇಂಥ ಹೆಸರಿರುವ ಬಡಾವಣೆಯಲ್ಲಿ ಮಕ್ಕಳು ಬೆಳೆಯುವುದು ಸಣ್ಣ ವಿಷಯ ಅಂತ ನಾನು ಅಂದುಕೊಂಡಿಲ್ಲ. ಜೋಡಿ ರಸ್ತೆಗೆ ತಾಗಿದ ಮನೆ ಬೇಡ, ಒಳಗಿನದಾದರೆ ನೋಡಿ. ನಿಮ್ಮ ಯಜಮಾನರಿಗೆ ಬೆಂಗಳೂರಿನ ದಿನಗಳಲ್ಲಿ ಇದು ಮೂರರಲ್ಲಿ ಹೆಚ್ಚು ದೂರದ್ದು. ವಾರಕ್ಕೆ ಎರಡು ದಿನ ಬೆಳಗಿನ ಜಾವ ಎದ್ದು ಊರು ದಾಟುವುದು ಮೊದಲ ವರ್ಷ ಏನೂ ಅನಿಸುವುದಿಲ್ಲ, ಐದನೇ ವರ್ಷ ಅನಿಸುತ್ತದೆ.

ರಿಂಗ್ ರಸ್ತೆಯ ಆಚೆಯ ಮನೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಇಬ್ಬರೂ ಮನೆಯಿಂದಲೇ ಕೆಲಸ ಮಾಡುವ ಚಿಕ್ಕ ವಯಸ್ಸಿನ ದಂಪತಿಗೆ ಅದು ಸರಿಹೋಗಬಹುದು. ಆದರೆ ಒಂದು ವಿಷಯ ನೆನಪಿಡಿ. ಮೈಸೂರು ಅಂತ ನಾವು ಕರೆಯುವ ಎಲ್ಲ ಜಾಗವೂ ಮಹಾನಗರ ಪಾಲಿಕೆಯ ಕೈಯಲ್ಲಿ ಬೆಳೆದದ್ದಲ್ಲ. ಹೂಟಗಳ್ಳಿಗೆ ನಗರಸಭೆ ಬಂತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಕ್ಕೆ ಪಟ್ಟಣ ಪಂಚಾಯಿತಿ ಬಂತು. ಖಾಸಗಿ ಬಡಾವಣೆಯನ್ನು ಕಟ್ಟಿದವರು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿದ್ದಾರಾ ಅಂತ ಕೇಳಿ. ಮಾಡಿಲ್ಲ ಅಂದರೆ ಬೀದಿ ದೀಪ, ಕಸ, ಚರಂಡಿ, ನೀರು ಎಲ್ಲಕ್ಕೂ ನಿವಾಸಿಗಳೇ ಚಂದಾ ಎತ್ತಬೇಕು. ಒಳಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಯುಜಿಡಿ ಲೈನಿಗೆ ಸೇರಿದೆಯಾ, ಇಲ್ಲಾ ಪಕ್ಕದ ಹಳ್ಳಕ್ಕೆ ಬಿಟ್ಟಿದ್ದಾರಾ? ಹಳೇ ಉಂಡವಾಡಿ ಕುಡಿಯುವ ನೀರಿನ ಯೋಜನೆ ಮುಗಿದರೆ ಮನೆ ಮನೆಗೆ ನೀರು ಅಂತ ದಲ್ಲಾಳಿಗಳು ಹೇಳುತ್ತಾರೆ. ಯೋಜನೆ ಒಳ್ಳೆಯದೇ. ಆದರೆ ಇವತ್ತು ನಲ್ಲಿಯಲ್ಲಿ ಬರುವ ನೀರು ನೋಡಿ ಮನೆ ಕೊಳ್ಳಿ, ಮುಂದೆ ಬರುವ ನೀರು ನಂಬಿ ಬೇಡ.

ನೀರಿನ ವಿಷಯ ಊರೊಳಗೂ ಕೇಳಲೇಬೇಕು. ಕೆ.ಆರ್.ಎಸ್. ಕಡೆಯಿಂದ ಹೊಂಗಳ್ಳಿ, ಬೆಳಗೊಳ, ಆ ಕಡೆ ಮೇಳಾಪುರ, ಕಬಿನಿ ಅಂತ ಬೇರೆ ಬೇರೆ ಕಡೆಯಿಂದ ಮೈಸೂರಿಗೆ ನೀರು ಬರುತ್ತದೆ. ಒಂದೇ ಬಡಾವಣೆಯಲ್ಲಿ ಏರಿನ ಬೀದಿಗೂ ಇಳಿಜಾರಿನ ಬೀದಿಗೂ ವ್ಯತ್ಯಾಸ ಇರುತ್ತದೆ. ಮಾರುವವರನ್ನು ಕೇಳಬೇಡಿ. ಎದುರು ಮನೆಯವರ ಬಾಗಿಲು ತಟ್ಟಿ. "ಅಮ್ಮಾ, ನೀರು ಯಾವಾಗ ಬರುತ್ತೆ? ಸಂಪು ತುಂಬುತ್ತಾ? ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿದ್ದೀರಾ?" ಅಂತ ಕೇಳಿ. ಮೈಸೂರಿನವರು ಇಂಥ ಪ್ರಶ್ನೆಗೆ ಕಾಫಿ ಕೊಟ್ಟು ಉತ್ತರ ಹೇಳುತ್ತಾರೆ. ಆ ಬೀದಿಯ ಜನ ಹೇಗೆ ಅನ್ನೋದೂ ಹಾಗೇ ಗೊತ್ತಾಗುತ್ತದೆ.

ಬಸ್‌ಸ್ಟಾಪು ಎಷ್ಟು ದೂರ ಅಂತ ಖಂಡಿತ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಅತ್ತೆಯವರು ಯಾರ ಕೈಯೂ ಕಾಯದೆ ದೇವರಾಜ ಮಾರುಕಟ್ಟೆಗೆ ಹೋಗಿ ಬರಬಹುದು, ಮಗಳು ಟ್ಯೂಷನ್‌ಗೆ ಹೋಗಬಹುದು. ಮನೆಕೆಲಸಕ್ಕೆ ಬರುವವರೂ ಬಸ್ಸಿನಲ್ಲೇ ಬರುವವರು. ಬಸ್ಸಿಲ್ಲದ ಬಡಾವಣೆಯಲ್ಲಿ ಕೆಲಸಕ್ಕೆ ಜನ ಸಿಗುವುದು ಎಷ್ಟು ಕಷ್ಟ ಅಂತ ಅಲ್ಲಿರುವವರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಕಾಗದ ಪತ್ರ. ಹಳೇ ಬಡಾವಣೆಯಲ್ಲಿ ಹಳೇ ಮನೆ ಕೊಳ್ಳುವವರು ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಜಯಲಕ್ಷ್ಮೀಪುರದಂಥ ಕಡೆ ಮಾರಾಟಕ್ಕೆ ಬರುವ ಎಷ್ಟೋ ಮನೆಗಳು ತಾತ ಕಟ್ಟಿಸಿದ್ದು. ತಾತ ಹೋಗಿ, ಮಕ್ಕಳು ಬೆಂಗಳೂರು, ಅಮೆರಿಕ ಸೇರಿ, ಈಗ ಒಬ್ಬ ಮಗ ಮಾರುತ್ತಿರುತ್ತಾನೆ. ಉಳಿದವರ ಸಹಿ? 2005ರ ತಿದ್ದುಪಡಿಯಾದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ತಾತನ ಸ್ವಂತ ಸಂಪಾದನೆಯೇ ಆಗಿದ್ದು, ವಿಲ್ ಬರೆಯದೆ ಹೋಗಿದ್ದರೂ ಹೆಣ್ಣುಮಕ್ಕಳಿಗೆ ಪಾಲಿದೆ. ಮದುವೆಯಾಗಿ ಹೋದವರು, ಅವರಿಗೇನೂ ಬೇಡವಂತೆ ಅನ್ನುವ ಮಾತನ್ನು ನಂಬಬೇಡಿ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಇರಬೇಕು. ವಿದೇಶದಲ್ಲಿರುವವರ ಪವರ್ ಆಫ್ ಅಟಾರ್ನಿ ಇದ್ದರೆ ಅದು ಸರಿಯಾಗಿದೆಯಾ, ಕೊಟ್ಟವರು ಈಗಲೂ ಬದುಕಿದ್ದಾರಾ ಅಂತ ವಕೀಲರಿಂದ ನೋಡಿಸಿ.

ಋಣಭಾರ ಪತ್ರ, ಅಂದರೆ ಇ.ಸಿ., ಮೂವತ್ತು ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಇ-ಖಾತೆ ಮಾರುವವರ ಹೆಸರಿಗೇ ಇರಬೇಕು. ಮುಡಾ, ಅಂದರೆ ಈಗಿನ ಮೈಸೂರು ಅಭಿವೃದ್ಧಿ ಪ್ರಾಧಿಕಾರ, ಹಂಚಿದ ಸೈಟಾದರೆ ಹಂಚಿಕೆ ಯಾವ ಲೆಕ್ಕದಲ್ಲಿ ಆಯಿತು ಅಂತ ಮೂಲ ಪತ್ರದಲ್ಲೇ ಓದಿ. ಜಮೀನು ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಅನ್ನುವ 50:50 ಅನುಪಾತದಲ್ಲಿ ಕೊಟ್ಟ ಬದಲಿ ಸೈಟುಗಳು 2024ರಲ್ಲಿ ತನಿಖೆಗೆ ಬಂದದ್ದು ಇಡೀ ರಾಜ್ಯಕ್ಕೆ ಗೊತ್ತು. ಒಳ್ಳೆಯ ಹೆಸರಿನ ಬಡಾವಣೆ ಅನ್ನುವುದು ಸೈಟಿನ ದಾಖಲೆ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಬ್ಯಾಂಕು ಸಾಲ ಕೊಟ್ಟಿದೆ ಅಂತಲೂ ಸುಮ್ನೆ ಇರಬೇಡಿ. ಬ್ಯಾಂಕಿನ ವಕೀಲರು ಬ್ಯಾಂಕಿಗೆ ಬೇಕಾದ್ದು ನೋಡುತ್ತಾರೆ, ನಿಮ್ಮ ಪರವಾಗಿ ನೋಡಲು ನಿಮ್ಮದೇ ವಕೀಲರು ಬೇಕು.

ಖರ್ಚಿನ ಲೆಕ್ಕವನ್ನೂ ಪೂರ್ತಿ ಹಾಕಿ. ಒಂದು ಕೋಟಿಯ ಮನೆ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ ಕೊನೆಯಿಂದ ಶೇ. 2. ಎಲ್ಲ ಸೇರಿ ಏಳೂವರೆ ಲಕ್ಷದ ಮೇಲೆ ಹೋಗುತ್ತದೆ. ಮಾರುವವರು ಭಾರತದಲ್ಲೇ ನೆಲೆಸಿದವರಾದರೆ, 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯ ಆಸ್ತಿಗೆ ನೀವೇ ಶೇ. 1 ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಹಿಡಿದು ಕಟ್ಟಬೇಕು. ಅದು ಮಾರುವವರ ದುಡ್ಡಿನಲ್ಲಿ ಕಳೆಯುವುದು, ಆದರೆ ಕಟ್ಟುವ ಜವಾಬ್ದಾರಿ ನಿಮ್ಮದು. ಹಳೇ ಮನೆಗೆ ರಿಪೇರಿಯ ದುಡ್ಡು ಬೇರೆ ತೆಗೆದಿಡಿ. ಮದ್ರಾಸ್ ಟೆರೇಸ್, ಅಂದರೆ ಮರದ ತೊಲೆಯ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಕಾಲದ ತಾರಸಿ, ಇದ್ದರೆ ತೊಲೆಗೆ ಗೆದ್ದಲು ಹತ್ತಿದೆಯಾ, ಮಳೆಯಲ್ಲಿ ಸೋರುತ್ತಾ ನೋಡಿಸಿ. ವೈರಿಂಗ್, ಪೈಪು ಬದಲಾಯಿಸಬೇಕಾಗುತ್ತದೆ. ಸಂಪು ಇಲ್ಲದಿದ್ದರೆ ತೋಡಿಸಬೇಕು. ಮಾವನವರ ರೂಮು, ಬಚ್ಚಲು ಎರಡೂ ನೆಲಮಹಡಿಯಲ್ಲೇ ಇರಬೇಕು. ಇದಕ್ಕೆ ಜಾಗ ಇಲ್ಲದ ಮನೆ ಎಷ್ಟೇ ಚೆನ್ನಾಗಿದ್ದರೂ ನಿಮಗೆ ಆಗಿಬರುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಕಾಗದ ಸರಿ ಇದ್ದರೆ ಜಯಲಕ್ಷ್ಮೀಪುರದ ಮನೆ. ವಾರಸುದಾರರ ಸಹಿಯಲ್ಲಿ ಒಂದು ಎಳೆ ಅನುಮಾನ ಬಂದರೂ ಅದನ್ನು ಬಿಟ್ಟು, ಒಂಟಿಕೊಪ್ಪಲು, ಗೋಕುಲಂ ಒಳಗಿನ ಕ್ರಾಸುಗಳಲ್ಲಿ ಇನ್ನೊಂದು ಹುಡುಕಿ. ಸೈಟು ಚಿಕ್ಕದಾದರೂ ಪರವಾಗಿಲ್ಲ. ಎರಡನೆಯದು ಕುವೆಂಪುನಗರ.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಶನಿವಾರ ಬೆಳಗ್ಗೆ ಆರೂವರೆಗೆ ಅತ್ತೆ ಮಾವ ಇಬ್ಬರನ್ನೂ ಆ ಬೀದಿಗೆ ಕರೆದುಕೊಂಡು ಹೋಗಿ. ಕಾರನ್ನು ಮುಖ್ಯ ರಸ್ತೆಯಲ್ಲೇ ಬಿಡಿ. ಅಲ್ಲಿಂದ ಹಾಲಿನ ಬೂತು, ಔಷಧಿ ಅಂಗಡಿ, ದೇವಸ್ಥಾನ, ಬಸ್‌ಸ್ಟಾಪು ಎಲ್ಲ ಅವರ ಹೆಜ್ಜೆಯಲ್ಲೇ ನಡೆಯಿರಿ. ಫುಟ್‌ಪಾತ್ ಇದೆಯಾ, ಅವರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಕೂರಲು ಒಂದು ಕಟ್ಟೆಯಾದರೂ ಇದೆಯಾ ಅಂತ ನೋಡುತ್ತಾ ಬನ್ನಿ. ಅದೇ ದಿನ ರಾತ್ರಿ ಒಂಬತ್ತಕ್ಕೆ ಮಗಳ ಜೊತೆ ಇನ್ನೊಂದು ಸಲ ಹೋಗಿ, ದೀಪ ಇದೆಯಾ ನೋಡಿ. ಆಮೇಲೆ ಮನೆಯ ಬಗ್ಗೆ ಅತ್ತೆಯವರನ್ನೇ ಮೊದಲು ಕೇಳಿ.