ಟೈಟ್ರೇಷನ್ ಇರುವಾಗ ಕ್ಯಾಪಿಲರಿ ಯಾಕೆ?

ಪ್ರಶ್ನೆ: ‘ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್‌ನಲ್ಲಿ ನೋಡೋದು ಪೀಕ್ ಬಂದ ಸಮಯ ಮಾತ್ರ. ಅದರಿಂದ ಆಮ್ಲದ ಪಿಕೆಎ ಹೇಗೆ ಸಿಗುತ್ತೆ? ಟೈಟ್ರೇಷನ್ ಸಾಕಾಗಲ್ವಾ?’
– ಎಂಎಸ್ಸಿ ವಿದ್ಯಾರ್ಥಿನಿ, ಮಂಡ್ಯ

ಪಿಕೆಎ ಅಂದರೆ ಆಮ್ಲದ ಅರ್ಧ ಭಾಗ ಅಯಾನಾಗಿರುವ ಪಿಎಚ್. ಪ್ರತ್ಯಾಮ್ಲವನ್ನು ಹನಿಹನಿಯಾಗಿ ಸೇರಿಸುತ್ತಾ ಪಿಎಚ್ ಅಳೆಯುವ ಟೈಟ್ರೇಷನ್ ಅದಕ್ಕೆ ಸಾಕಾಗುತ್ತದೆ. ಆದರೆ ಆಮ್ಲ ಶುದ್ಧವಾಗಿರಬೇಕು, ಕೈಯಲ್ಲಿ ಬೇಕಾದಷ್ಟಿರಬೇಕು, ನೀರಲ್ಲಿ ಚೆನ್ನಾಗಿ ಕರಗಬೇಕು. ಕ್ಯಾಪಿಲರಿಗೆ, ಅಂದರೆ ವೋಲ್ಟೇಜ್ ಕೊಟ್ಟು ಅಯಾನುಗಳನ್ನು ಓಡಿಸುವ ಕೂದಲೆಳೆಯಂಥ ಕೊಳವೆಗೆ, ಇದ್ಯಾವ ಹಟವೂ ಇಲ್ಲ. ಒಳಗೆ ಹೋಗುವುದು ಕೆಲವೇ ನ್ಯಾನೊಲೀಟರ್. ಕಲಬೆರಕೆ ಇದ್ದರೆ ಅದು ಸಾಮಾನ್ಯವಾಗಿ ಡಿಟೆಕ್ಟರ್ ಗೆರೆಯಲ್ಲಿ ಬೇರೆ ಪೀಕ್ (ಉಬ್ಬು) ಆಗಿ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ತೂಕ ಹಾಕಿದಿರಿ ಅನ್ನುವುದೂ ಲೆಕ್ಕಕ್ಕೆ ಬೇಡ.

ಮಂಡ್ಯದವರಲ್ವಾ, ವಿ.ಸಿ. ನಾಲೆಯನ್ನೇ ನೆನಪಿಸಿಕೊಳ್ಳಿ. ಒಣಗಿದ ತೆಂಗಿನ ಗರಿ ಹಾಕಿದರೆ ನೀರಿನ ವೇಗದಲ್ಲೇ ತೇಲಿಹೋಗುತ್ತದೆ. ಮೀನು ಎದುರು ಈಜಿದರೂ, ನೀರು ಜೋರಾಗಿದ್ದರೆ ಕೆಳಕ್ಕೇ ಬರುತ್ತದೆ, ತಡವಾಗಿ. ಇಲ್ಲಿ ನಾಲೆ ಅಂದರೆ 50 ಮೈಕ್ರೊಮೀಟರ್ ಒಳವ್ಯಾಸದ ಸಿಲಿಕಾ ಕೊಳವೆ. ಅದರ ಗೋಡೆಯ ಮೇಲೆ ಋಣ ಚಾರ್ಜ್ ಇರುವುದರಿಂದ, ವೋಲ್ಟೇಜ್ ಕೊಟ್ಟಾಗ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಇಡಿಯಾಗಿ ಋಣ ತುದಿಯತ್ತ ಹರಿಯುತ್ತದೆ. ಚಾರ್ಜ್ ಇಲ್ಲದ ಅಸಿಟೋನ್ ನಮ್ಮ ಗರಿ. ಬೆಂಜೊಯಿಕ್ ಆಮ್ಲದ ಬೆಂಜೊಯೇಟ್ ಅಯಾನು ಎದುರೀಜುವ ಮೀನು.

ಕೊಳವೆ 60 ಸೆಂ.ಮೀ., ಡಿಟೆಕ್ಟರ್ 50 ಸೆಂ.ಮೀ.ನಲ್ಲಿ, ವೋಲ್ಟೇಜ್ 25,000 ಅನ್ನಿ. ಅಸಿಟೋನ್ 6 ನಿಮಿಷಕ್ಕೆ ಬಂತು, ಆಮ್ಲ 12ಕ್ಕೆ. ಎರಡೂ ಉದ್ದಗಳನ್ನು ಮೀಟರ್‌ನಲ್ಲಿ ಗುಣಿಸಿ, ವೋಲ್ಟೇಜ್‌ನಿಂದ ಭಾಗಿಸಿ. ಅದನ್ನು 1/360 ಮತ್ತು 1/720ರ ವ್ಯತ್ಯಾಸದಿಂದ ಗುಣಿಸಿ. ಸಿಗುವುದು ಸುಮಾರು 1.67 × 10⁻⁸ ಚದರ ಮೀಟರ್ ಪ್ರತಿ ವೋಲ್ಟ್-ಸೆಕೆಂಡ್. ಆಮ್ಲದ ಚಲನಶೀಲತೆ, ಅಂದರೆ ವಿದ್ಯುತ್ ಸೆಳೆತಕ್ಕೆ ಅದು ಈಜುವ ವೇಗ, ಇದೇ.

ಈಗ ಬಫರ್ ಬದಲಿಸಿ ಪಿಎಚ್ 7ರಲ್ಲಿ ಓಡಿಸಿದಿರಿ, ಚಲನಶೀಲತೆ ಎರಡರಷ್ಟಾಯಿತು ಅನ್ನಿ. ಅಲ್ಲಿ ಆಮ್ಲವೆಲ್ಲ ಅಯಾನಾಗಿದೆ, ಮೀನು ಪೂರ್ತಿ ಈಜುತ್ತಿದೆ. ಹಾಗಾದರೆ ಮೊದಲಿನ ಓಟದಲ್ಲಿ ಪ್ರತಿ ಅಣುವೂ ಅರ್ಧ ಹೊತ್ತು ಈಜುತ್ತಿತ್ತು, ಅರ್ಧ ಹೊತ್ತು ಸುಮ್ನೆ ತೇಲುತ್ತಿತ್ತು. ಈ ಅದಲುಬದಲು ಎಷ್ಟು ಬೇಗ ನಡೆಯುತ್ತದೆ ಅಂದರೆ ನಮಗೆ ಕಾಣುವುದು ಒಂದೇ ಪೀಕ್. ಅರ್ಧ ಚಲನಶೀಲತೆ ಬಂದ ಪಿಎಚ್ಚೇ ಪಿಕೆಎ. ನಿಜವಾದ ಪ್ರಯೋಗದಲ್ಲಿ ಆರೇಳು ಪಿಎಚ್‌ಗಳಲ್ಲಿ ಓಡಿಸಿ, ಎಸ್ ಆಕಾರದ ಗೆರೆ ಹೊಂದಿಸುತ್ತಾರೆ. ಬೆಂಜೊಯಿಕ್ ಆಮ್ಲಕ್ಕೆ 25 ಡಿಗ್ರಿಯಲ್ಲಿ ಪುಸ್ತಕದ ಬೆಲೆ 4.20. ಅಯಾನಿಕ್ ಬಲ (ದ್ರಾವಣದಲ್ಲಿ ಅಯಾನುಗಳು ಎಷ್ಟಿವೆ ಅನ್ನುವ ಅಳತೆ) 0.01 ಇರುವ ಬಫರ್‌ನಲ್ಲಿ ಸುಮಾರು 0.05 ಕಮ್ಮಿ ಬರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. ನಿಂಬೆ ಸ್ಕ್ವಾಷ್‌ನಲ್ಲಿ ಬೆಂಜೊಯೇಟ್ ಸಂರಕ್ಷಕವಾಗಿ ಕೆಲಸ ಮಾಡಿ, ಹಾಲಿನಲ್ಲಿ ಹೆಚ್ಚೇನೂ ಮಾಡದಿರುವುದಕ್ಕೂ ಈ ಸಂಖ್ಯೆಯೇ ಕಾರಣ. ಅಯಾನಾಗದ ರೂಪ ಮಾತ್ರ ಸೂಕ್ಷ್ಮಜೀವಿಯ ಒಳಗೆ ಸುಲಭವಾಗಿ ನುಗ್ಗುತ್ತದೆ.

ಜಾಸ್ತಿ ಜನ ಎಡವುವುದು ಯಂತ್ರದಲ್ಲಲ್ಲ, ಪಿಎಚ್ ಮೀಟರ್ ಹತ್ತಿರ. ನಾನೂ ಎಡವಿದ್ದೇನೆ. ಮೈಸೂರಿನ ಒಂದು ಏಪ್ರಿಲ್ ಮಧ್ಯಾಹ್ನ, ಲ್ಯಾಬ್ 32 ಡಿಗ್ರಿ. ಟ್ರಿಸ್ ಬಫರ್ ಅನ್ನು ಮೇಜಿನ ಮೇಲೇ ಅಳೆದೆ, 8.0. ಕೊಳವೆಯನ್ನು ಯಂತ್ರ 25ಕ್ಕೆ ತಣ್ಣಗಿಟ್ಟಿತ್ತು. ಟ್ರಿಸ್ ಒಂದು ಡಿಗ್ರಿ ತಣ್ಣಗಾದರೆ ಪಿಎಚ್ ಸುಮಾರು 0.03 ಏರುತ್ತದೆ. ಅಂದರೆ ಕೊಳವೆಯೊಳಗೆ 8.2! ಮೀಟರ್‌ನ ಉಷ್ಣತಾ ತಿದ್ದುಪಡಿ ಎಲೆಕ್ಟ್ರೋಡ್‌ಗಷ್ಟೇ, ಬಫರ್‌ಗಲ್ಲ. ಮೂರು ದಿನ ನಾನು ಕೊಳವೆಯನ್ನೇ ತೊಳೆಯುತ್ತಾ ಕೂತಿದ್ದೆ. ನೀವು ಬಫರ್ ಬಾಟಲಿಯನ್ನು 25 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಅಳೆಯಿರಿ.