0.98 ಬಂತು ಅಂದರೆ ಯಂತ್ರ ಪಾಸಾಯಿತೇ?

ರೋಗಿಯ ಹತ್ತಿರವೇ ಎಚ್‌ಐವಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್‌ನ ಪ್ರಮಾಣ) ಅಳೆಯುವ ಯಂತ್ರ ತರುವ ಮುನ್ನ ಅದನ್ನು ಹಳೆಯ ಪ್ರಯೋಗಾಲಯದ ಯಂತ್ರದ ಜೊತೆ ಹೋಲಿಸಿ ನೋಡುತ್ತಾರೆ. ವರದಿಯ ಮೊದಲ ಪುಟದಲ್ಲೇ ಒಂದು ಓರೆಗೆರೆ, ಅದಕ್ಕೆ ಅಂಟಿಕೊಂಡ ಚುಕ್ಕಿಗಳು, ಕೆಳಗೆ ‘ಸಹಸಂಬಂಧ 0.98’. ಅಲ್ಲಿಗೆ ಎಲ್ಲರಿಗೂ ಸಮಾಧಾನ. ಎಷ್ಟು ಸಲ ಹೇಳಿದರೂ ಇದು ನಿಲ್ಲುವುದಿಲ್ಲ.

ಎರಡು ಯಂತ್ರಗಳ ಸಂಖ್ಯೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ ಎಂದಷ್ಟೇ ಸಹಸಂಬಂಧ ಹೇಳುತ್ತದೆ. ಸಂಖ್ಯೆ ಒಂದೇ ಇದೆ ಎಂದು ಹೇಳುವುದಿಲ್ಲ. ಅಂಗಡಿಯ ತಕ್ಕಡಿ ಪ್ರತಿ ಸಲವೂ ಸರಿಯಾಗಿ ಅರ್ಧ ತೂಕ ತೋರಿಸಿದರೆ ಸಹಸಂಬಂಧ ಪೂರ್ತಿ 1. ಗಿರಾಕಿ ಮಾತ್ರ ಜಗಳಕ್ಕೆ ಬರುತ್ತಾನೆ. ವೈರಲ್ ಲೋಡ್‌ನಲ್ಲಿ ಈ ಅರ್ಧ ಅಂದರೆ 0.3 ಲಾಗ್ (ಹತ್ತು ಪಟ್ಟು ವ್ಯತ್ಯಾಸಕ್ಕೆ 1 ಲಾಗ್ ಎನ್ನುವ ಅಳತೆ). 1,00,000 ಇದ್ದದ್ದು 50,000 ಎಂದು ಬಂದರೆ ನಷ್ಟವಿಲ್ಲ, ಎರಡೂ ಚಿಕಿತ್ಸೆ ಕೈಕೊಟ್ಟಿರುವುದನ್ನೇ ಹೇಳುತ್ತವೆ. 1,600 ಇದ್ದದ್ದು 800 ಎಂದು ಬಂದರೆ? ಚಿಕಿತ್ಸೆ ಫಲಿಸಿದೆಯೋ ಕೈಕೊಟ್ಟಿದೆಯೋ ಎಂದು ತೀರ್ಮಾನಿಸುವ ನಮ್ಮ ಗೆರೆ ಇರುವುದು ಮಿಲಿಲೀಟರಿಗೆ 1,000 ವೈರಸ್ ಪ್ರತಿಗಳಲ್ಲಿ. ಆ ರೋಗಿಗೆ ‘ಎಲ್ಲ ಚೆನ್ನಾಗಿದೆ’ ಎಂದು ಹೇಳಿ ಕಳಿಸುತ್ತೀರಿ. ಮುಂದಿನ ಪರೀಕ್ಷೆ ವರ್ಷದ ಮೇಲೆ, ಅಷ್ಟರಲ್ಲಿ ಔಷಧ ನಿರೋಧಕತೆ ಬೇರೂರಿರಬಹುದು. ತಿರುಗಾಮುರುಗಾ ಆಗಿ 800 ಇದ್ದದ್ದು 1,600 ಎಂದು ಬಂದರೆ ಒಂದಿಷ್ಟು ಆತಂಕ, ಹೆಚ್ಚುವರಿ ಆಪ್ತಸಮಾಲೋಚನೆ, ಮೂರು ತಿಂಗಳ ಮೇಲೆ ಮರುಪರೀಕ್ಷೆ. ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಆದ್ದರಿಂದ ಅವನ್ನು ಕೂಡಿಸಿ ಒಂದೇ ಶೇಕಡಾವಾರು ಕೊಡಬೇಡಿ. ಮೇಲಿನಿಂದ ಕೆಳಕ್ಕೆ ಬಿದ್ದವು ಎಷ್ಟು, ಕೆಳಗಿನಿಂದ ಮೇಲಕ್ಕೆ ಹೋದವು ಎಷ್ಟು, ಬೇರೆ ಬೇರೆ ಬರೆಯಿರಿ. ಜೊತೆಗೆ ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲೇ ತೋರಿಸಿಕೊಟ್ಟ ಹಾಗೆ, ಪ್ರತಿ ಜೋಡಿಯ ಸರಾಸರಿಯ ಎದುರಿಗೆ ಅದರ ವ್ಯತ್ಯಾಸವನ್ನು ಲಾಗ್‌ನಲ್ಲಿ ಗುರುತಿಸಿ. ಯಂತ್ರ ಒಂದೇ ಕಡೆಗೆ ವಾಲುತ್ತಿದ್ದರೆ ಆ ನಕ್ಷೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಮಾದರಿಗಳ ಆಯ್ಕೆಯಲ್ಲೂ ಇದೇ ಎಡವಟ್ಟು. ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಸಾಲಾಗಿ ಬಂದ ನೂರು ಜನರ ರಕ್ತ ತೆಗೆದರೆ ಬಹುಪಾಲು ‘ಪತ್ತೆಯಾಗಿಲ್ಲ’ ಎಂದೇ ಬರುತ್ತದೆ. ಗೆರೆಯ ಆಸುಪಾಸಿನವು ಬೆರಳೆಣಿಕೆಯಷ್ಟು. ಅದಕ್ಕೇ 300ರಿಂದ 5,000ದ ನಡುವಿನ ಪ್ಲಾಸ್ಮಾವನ್ನು (ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯುವ ದ್ರವ) ಮೈನಸ್ 70 ಡಿಗ್ರಿಯಲ್ಲಿ ಕೂಡಿಡಿ. ಒಂದೇ ಸಲ ಕರಗಿಸಿ, ಅದೇ ಟ್ಯೂಬಿನಿಂದ ಎರಡೂ ಯಂತ್ರಕ್ಕೆ ಹಾಕಿ. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ಹಾಳಾಗುತ್ತದೆ, ತಪ್ಪು ಯಂತ್ರದ ತಲೆಗೆ ಬರುತ್ತದೆ. ‘40ಕ್ಕಿಂತ ಕಡಿಮೆ’ (ವೈರಸ್ ಸಿಕ್ಕಿದೆ, ಎಣಿಸುವಷ್ಟಿಲ್ಲ) ಮತ್ತು ‘ಪತ್ತೆಯಾಗಿಲ್ಲ’ ಒಂದೇ ಅಲ್ಲ. ಎರಡನ್ನೂ ಸೊನ್ನೆ ಎಂದು ತುಂಬಿ ಸರಾಸರಿ ತೆಗೆಯುವವರಿದ್ದಾರೆ. ಸೊನ್ನೆಗೆ ಲಾಗ್ ಎಲ್ಲಿಂದ ತರುತ್ತಾರೋ!

ರಕ್ತದ ವಿಷಯ ಚುಟುಕಾಗಿ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯಲು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು, ಹೆಪಾರಿನ್ ಬೇಡ, ಅದು ವೈರಸ್ಸಿನ ಪ್ರತಿಗಳನ್ನು ಹೆಚ್ಚಿಸಿ ಎಣಿಸುವ ಪಿಸಿಆರ್ ಅನ್ನೇ ತಡೆಯುತ್ತದೆ. ರೋಗಿಯ ಹತ್ತಿರ ಇಡುವ ಇಂಥ ಒಂದು ಯಂತ್ರ ಜೀನ್‌ಎಕ್ಸ್‌ಪರ್ಟ್, ಅದರ ಕಾರ್ಟ್ರಿಡ್ಜ್‌ಗೆ (ಒಂದು ಪರೀಕ್ಷೆಗೆ ಒಂದು ಡಬ್ಬಿ) 1 ಮಿಲಿಲೀಟರ್ ಪ್ಲಾಸ್ಮಾ ಬೇಕು. 2 ಮಿಲಿಲೀಟರಿನ ಟ್ಯೂಬಿನಿಂದ ಅಷ್ಟು ಸಿಗುವುದು ಕಷ್ಟ. ಆಗ ಪಿಪೆಟ್ಟನ್ನು ತಳದವರೆಗೆ ಇಳಿಸುತ್ತಾರೆ, ಕೆಂಪುಕಣಗಳ ಮೇಲಿನ ತೆಳು ಬಿಳಿಪದರವೂ ಒಳಗೆ ಬರುತ್ತದೆ. ಆ ಪದರದ ಬಿಳಿಕಣಗಳೊಳಗಿನ ವೈರಸ್ ಡಿಎನ್‌ಎ ಸೇರಿಕೊಂಡು, ಇಲ್ಲದ ಕಡೆ ನೂರಿನ್ನೂರು ಪ್ರತಿ ತೋರಿಸಿಬಿಡಬಹುದು. 4 ಮಿಲಿಲೀಟರ್ ತೆಗೆಯಿರಿ, ಪದರದಿಂದ ಮೇಲಕ್ಕೇ ನಿಲ್ಲಿ. ‘ಎರರ್’, ‘ಇನ್‌ವ್ಯಾಲಿಡ್’ ಬಂದವುಗಳನ್ನು ಲೆಕ್ಕದಿಂದ ಸದ್ದಿಲ್ಲದೆ ಕೈಬಿಡಬೇಡಿ. ಕಾರ್ಟ್ರಿಡ್ಜ್ ಖರ್ಚಾಗಿದೆ, ರೋಗಿ ಕಾದಿದ್ದಾರೆ.

ಕಾಯುವುದು ಅಂದಾಗ ಸಮಯದ ಮಾತು. ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ 390 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಸ್ಟ್ರೀಮ್’ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಚಿಕಿತ್ಸೆಯಲ್ಲೇ ಉಳಿದು ವೈರಸ್ ಹತೋಟಿಯಲ್ಲಿದ್ದವರು ಸ್ಥಳದಲ್ಲೇ ಪರೀಕ್ಷೆಯಾದ ಗುಂಪಿನಲ್ಲಿ ಶೇ. 89.7, ರಕ್ತ ಎಂದಿನಂತೆ ಪ್ರಯೋಗಾಲಯಕ್ಕೆ ಹೋದ ಗುಂಪಿನಲ್ಲಿ ಶೇ. 75.9. ಆದರೆ ಅಲ್ಲಿ ನರ್ಸ್‌ಗಳ ಕೆಲಸದ ಹಂಚಿಕೆಯೂ ಬದಲಾಗಿತ್ತು, ಇಡೀ ಶ್ರೇಯಸ್ಸು ಯಂತ್ರದ್ದಲ್ಲ. ನಿಮ್ಮ ಯಂತ್ರದಲ್ಲಿ ನಾಲ್ಕು ಮಾಡ್ಯೂಲ್ ಇದ್ದರೆ ಒಂದು ಸಲಕ್ಕೆ ನಾಲ್ಕು ಪರೀಕ್ಷೆ, ಒಂದು ಓಟಕ್ಕೆ ಸುಮಾರು 90 ನಿಮಿಷ. ಎಂಟು ಗಂಟೆಗೆ ಕಾಗದದ ಮೇಲೆ 20 ಪರೀಕ್ಷೆ. ಬೆಳಗಿನ ರಕ್ತ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿ ಪ್ಲಾಸ್ಮಾ ಬೇರೆಯಾಗುವಷ್ಟರಲ್ಲಿ ಒಂದು ಓಟ ಹೋಯಿತು, ಉಳಿದದ್ದು 16. ಅದೇ ಯಂತ್ರದಲ್ಲಿ ಕ್ಷಯದ ಕಫವೂ ಸಾಲಿನಲ್ಲಿದ್ದರೆ ಎಷ್ಟು ಉಳಿಯುತ್ತದೆ, ನೀವೇ ಎಣಿಸಿ. ವರದಿಯಲ್ಲಿ ‘ಯಂತ್ರದ ಅವಧಿ 90 ನಿಮಿಷ’ ಎಂದು ಬರೆಯಬೇಡಿ. ರಕ್ತ ಕೊಟ್ಟ ಹೊತ್ತು, ರೋಗಿಯ ಕೈಗೆ ಫಲಿತಾಂಶ ಸಿಕ್ಕಿದ ಹೊತ್ತು, ಇವೆರಡನ್ನೂ ಗಡಿಯಾರ ನೋಡಿ ಬರೆಯಿರಿ. ಊರಿನ ಕೊನೆ ಬಸ್ಸಿಗೆಂದು ಫಲಿತಾಂಶ ಬರುವ ಮೊದಲೇ ಎದ್ದುಹೋದವರನ್ನು ಬೇರೆ ಕಾಲಮ್ಮಿನಲ್ಲಿ ತೋರಿಸಿ.