ಏಳೂವರೆಯ ಟಿವಿ, ಹತ್ತು ಗಂಟೆಯ ಟಿವಿ

ಹೋದ ವರ್ಷ ಐಪಿಎಲ್ ಶುರುವಾಗುವ ಮುಂಚೆ ಮೈಸೂರಿನ ವಿಜಯನಗರದಲ್ಲಿ ಒಂದು ಮನೆಗೆ ಹೋಗಿದ್ದೆ. ಮದುವೆಯಾಗಿ ಎಂಟು ತಿಂಗಳಾದ ಜೋಡಿ. ಟಿವಿ ಇನ್ನೂ ತಗೊಂಡಿರಲಿಲ್ಲ. ಗೋಡೆ ನೋಡಿ ಎಷ್ಟು ಇಂಚು ಹಾಕಬಹುದು ಅಂತ ಹೇಳಿ ಎಂದು ಕರೆದಿದ್ದರು. ನಾನು ಟೇಪ್ ಹಿಡಿದು ಅಳೆಯುತ್ತಿದ್ದರೆ ಆ ಹುಡುಗಿ ಹೇಳಿದಳು, "ಅಣ್ಣಾ, ಇವರಿಗೆ ಬಾಲ್ ಕಾಣಬೇಕಂತೆ. ನನಗೆ ಶುಕ್ರವಾರ ರಾತ್ರಿ ಲೈಟ್ ಆರಿಸಿ ಇಬ್ರೂ ಕೂತು ಒಂದು ಸಿನಿಮಾ ನೋಡೋ ಹಾಗಿರಬೇಕು."

"ಎರಡಕ್ಕೂ ಅದೇ ಟಿವಿ ತಾನೇ?" ಅಂದ ಗಂಡ.

ಟಿವಿ ಅದೇ. ಆದರೆ ಏಳೂವರೆಗೆ ಮ್ಯಾಚ್ ನೋಡುವಾಗ ಅದು ಮಾಡಬೇಕಾದ ಕೆಲಸ ಬೇರೆ, ಹತ್ತು ಗಂಟೆಗೆ ಸಿನಿಮಾ ನೋಡುವಾಗ ಮಾಡಬೇಕಾದ ಕೆಲಸ ಬೇರೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಟಿವಿಯಲ್ಲಿ ಓಡುತ್ತಿರುವುದು ಜಲಪಾತ, ಪಂಚರಂಗಿ ಗಿಳಿ, ನಿಧಾನಕ್ಕೆ ಕತ್ತರಿಸುವ ಕಿತ್ತಳೆ ಹಣ್ಣು. ಅಷ್ಟು ಲೈಟಿನ ಕೆಳಗೆ, ಅಷ್ಟು ನಿಧಾನದ ಚಿತ್ರಕ್ಕೆ, ಯಾವ ಟಿವಿಯೂ ಚೆಂದವೇ.

ಟಿವಿ ಕೂರಿಸುವ ಈ ಕೆಲಸಕ್ಕೆ ನಾನು ಇಳಿದಾಗ ಡಬ್ಬಾ ಟಿವಿಗಳ ಕಾಲ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್‌ನ ಮೊಟ್ಟಮೊದಲ ಮ್ಯಾಚಿನಲ್ಲಿ ಕೋಲ್ಕತ್ತಾ ತಂಡದ ಮೆಕಲಮ್ ನಮ್ಮ ಆರ್‌ಸಿಬಿಗೆ 158 ಹೊಡೆದಿದ್ದನ್ನು ನಾನು ನೋಡಿದ್ದು 29 ಇಂಚಿನ ಅಂಥ ಒಂದು ಡಬ್ಬಾದಲ್ಲೇ. ಎತ್ತಿ ಇಡೋಕೆ ಇಬ್ಬರು ಬೇಕಿತ್ತು. ಆದರೆ ಅದರಲ್ಲಿ ಬಾಲ್ ಮಸುಕಾಗುತ್ತಿರಲಿಲ್ಲ. ಗೋಡೆಗೆ ಅಂಟಿಕೊಂಡು ಕೂತವರಿಗೂ ಬಣ್ಣ ಅದೇ ಕಾಣುತ್ತಿತ್ತು. ಟಿವಿ ಚಪ್ಪಟೆಯಾದ ಮೇಲೆ ಈ ಎರಡೂ ಹೋದವು. ಈಗ ದುಡ್ಡು ಜಾಸ್ತಿ ಕೊಟ್ಟು ನಾವು ವಾಪಸ್ ಕೊಳ್ಳುತ್ತಿರುವುದು ಅವನ್ನೇ.

ಮೊದಲು ಬಾಲ್ ವಿಷಯ. ಗಂಟೆಗೆ 140 ಕಿಲೋಮೀಟರ್ ವೇಗದ ಬಾಲ್ ಒಂದು ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ನಮ್ಮ ಎಚ್‌ಡಿ ಸ್ಪೋರ್ಟ್ಸ್ ಚಾನೆಲ್‌ಗಳಲ್ಲಿ ಚಿತ್ರ ಬದಲಾಗುವುದು ಸೆಕೆಂಡಿಗೆ 50 ಸಲ. ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಬಾಲ್ 78 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಒಂದು ಬ್ಯಾಟಿನ ಉದ್ದಕ್ಕೆ ಸ್ವಲ್ಪ ಕಡಿಮೆ ಅಷ್ಟೇ. ನಡುವೆ ಏನಾಯಿತು ಅನ್ನುವುದು ಟಿವಿಗೆ ಗೊತ್ತೇ ಇಲ್ಲ. ಆ ಖಾಲಿ ಜಾಗಕ್ಕೆ ತಾನೇ ಊಹೆ ಮಾಡಿ ಒಂದು ಚಿತ್ರ ಬರೆದು ಸೇರಿಸುವುದನ್ನೇ ಮೋಶನ್ ಸ್ಮೂತಿಂಗ್ ಅನ್ನುತ್ತಾರೆ. ಸೋನಿಯಲ್ಲಿ ಮೋಶನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಶನ್ ಅಂತ ಇದಕ್ಕೆ ಒಬ್ಬೊಬ್ಬರದು ಒಂದೊಂದು ಹೆಸರು.

ಕ್ರಿಕೆಟ್‌ಗೆ ಇದನ್ನು ಕಮ್ಮಿ ಮಟ್ಟದಲ್ಲಿ ಇಟ್ಟರೆ ಒಳ್ಳೆಯದು. ಬೌಂಡರಿ ಕಡೆ ಕ್ಯಾಮೆರಾ ತಿರುಗುವಾಗ ಹುಲ್ಲು ಕಲಸಿಹೋಗುವುದಿಲ್ಲ. ಪೂರ್ತಿ ಏರಿಸಿದರೆ ಟಿವಿಯ ಊಹೆ ತಪ್ಪುತ್ತದೆ. ಬಾಲ್‌ಗೆ ಬಾಲ ಬರುತ್ತದೆ, ಇಲ್ಲವೇ ಗಾಳಿಯಲ್ಲೇ ಒಂದು ಕ್ಷಣ ಮಾಯ. ನನಗೆ ಬರುವ "ಬಾಲ್ ಎರಡೆರಡು ಕಾಣ್ತಿದೆ" ಫೋನುಗಳಲ್ಲಿ ಮುಕ್ಕಾಲು ಪಾಲು ಇದೇ.

ಸಿನಿಮಾಗೆ ಇದು ವಿಷ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ಆ ಸಣ್ಣ ತಡವರಿಕೆಯೇ ಅದಕ್ಕೆ ಸಿನಿಮಾದ ಕಳೆ ಕೊಡುವುದು. ಟಿವಿ ನಡುವೆ ಚಿತ್ರ ತುಂಬಿಬಿಟ್ಟರೆ ಕೋಟಿಗಟ್ಟಲೆ ಖರ್ಚಿನ ಸಿನಿಮಾ ಸಂಜೆ ಸೀರಿಯಲ್ ಥರ ಕಾಣುತ್ತದೆ. ಇದನ್ನೆಲ್ಲ ಒಂದೇ ಒತ್ತಿಗೆ ಆರಿಸಲಿ ಅಂತಲೇ 2019ರಲ್ಲಿ ಫಿಲ್ಮ್‌ಮೇಕರ್ ಮೋಡ್ ಘೋಷಿಸಿದರು. ನಿಮ್ಮ ಟಿವಿಯಲ್ಲಿ ಅದಿದ್ದರೆ ಹತ್ತು ಗಂಟೆಗೆ ಅದನ್ನೇ ಹಾಕಿ. ಇಲ್ಲದಿದ್ದರೆ ಸಿನಿಮಾ ಮೋಡ್ ಹಾಕಿ, ಸ್ಮೂತಿಂಗ್ ಮಾತ್ರ ನೀವೇ ಆರಿಸಿ. ಮೊದಲ ಐದು ನಿಮಿಷ ಚಿತ್ರ ಹಳದಿ ಅನಿಸುತ್ತದೆ. ಆಮೇಲೆ ಕಣ್ಣು ಒಗ್ಗುತ್ತದೆ. ಮುಖಗಳು ಮುಖದ ಬಣ್ಣದಲ್ಲೇ ಕಾಣತೊಡಗುತ್ತವೆ.

ಅಂಗಡಿಯವರು 120 ಹರ್ಟ್ಜ್, 240 ಹರ್ಟ್ಜ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ) ಅನ್ನುತ್ತಾರಲ್ಲ, ಅದರಲ್ಲಿ ಅರ್ಧ ಬಣ್ಣದ ಮಾತು. ಪ್ಯಾಕಿಂಗ್ ಡಬ್ಬದ ಮೇಲೆ "ಮೋಶನ್ ರೇಟ್" ಅಂತಿದ್ದರೆ ಅದು ಪ್ಯಾನಲ್ಲಿನ, ಅಂದರೆ ಪರದೆಯ, ನಿಜವಾದ ಲೆಕ್ಕ ಆಗಿರಬೇಕಿಲ್ಲ. "ನೇಟಿವ್ ರಿಫ್ರೆಶ್ ರೇಟ್ ಎಷ್ಟು?" ಅಂತಲೇ ಕೇಳಿ. ನಿಜವಾದ 120 ಇದ್ದರೆ ಲಾಭ ಜಾಸ್ತಿ ಎಲ್ಲಿ ಗೊತ್ತಾ? ಸಿನಿಮಾದಲ್ಲಿ. 24 ಅನ್ನುವುದು 120ರಲ್ಲಿ ಸರಿಯಾಗಿ ಐದು ಸಲ ಹೋಗುತ್ತದೆ. 60ರಲ್ಲಿ ಎರಡೂವರೆ ಸಲ. ಆ ಅರ್ಧಕ್ಕೆ ಟಿವಿ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಿ ಹೊಂದಿಸಬೇಕು. ಕ್ರಿಕೆಟ್ ನೋಡೋಕೆ ಒಳ್ಳೆ 60ರ ಪ್ಯಾನಲ್ ಸಾಕು, ಆದರೆ ಸೆಕೆಂಡಿಗೆ 50ರ ಮ್ಯಾಚಿಗೆ ನಡುವೆ ಚಿತ್ರ ತುಂಬುವ ಜಾಗ ಅದರಲ್ಲಿ ಇರುವುದಿಲ್ಲ. ಗಂಡ 120 ಬೇಕು ಅಂತ ಹಟ ಹಿಡಿದರೆ ಹೆಂಡತಿ ಸುಮ್ನೆ ಒಪ್ಪಿಕೊಳ್ಳಬಹುದು. ಲಾಭ ಅವಳಿಗೇ ಜಾಸ್ತಿ.

ಇದಕ್ಕಿಂತ ದೊಡ್ಡ ತಲೆನೋವು ಸೆಟ್‌ಟಾಪ್ ಬಾಕ್ಸ್ ಮತ್ತು ಟಿವಿಗೆ ಚುಚ್ಚಿ ನೆಟ್‌ನಲ್ಲಿ ಮ್ಯಾಚ್, ಸಿನಿಮಾ ನೋಡುವ ಸ್ಟ್ರೀಮಿಂಗ್ ಸ್ಟಿಕ್‌ಗಳದು. ಬರುವ ಮ್ಯಾಚ್ 50, ಸ್ಟಿಕ್ ಟಿವಿಗೆ ಕಳಿಸುವುದು 60. ಕಮ್ಮಿ ಬಿದ್ದ ಹತ್ತಕ್ಕೆ ಅದು ಹಳೇ ಚಿತ್ರವನ್ನೇ ಮತ್ತೆ ಕಳಿಸುತ್ತದೆ. ಸೆಕೆಂಡಿಗೆ ಹತ್ತು ಸಣ್ಣ ಎಡವು. ಬೌಲರ್ ಓಡಿ ಬರುವಾಗ ಕಾಣುವುದಿಲ್ಲ, ಸಿಕ್ಸರ್ ಹಿಂದೆ ಕ್ಯಾಮೆರಾ ಹೋಗುವಾಗ ಜರ್ಕ್ ಎದ್ದು ಕಾಣುತ್ತದೆ. ಟಿವಿ ಕೆಟ್ಟಿದೆ ಅಂತ ಬದಲಾಯಿಸೋಕೆ ಹೊರಟವರ ಮನೆಯಲ್ಲಿ ನಾನು ಸೆಟ್ಟಿಂಗ್ಸ್‌ಗೆ ಹೋಗಿ "ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್" ಅನ್ನುವುದನ್ನು ಆನ್ ಮಾಡಿ, ಕಾಫಿ ಕುಡಿದು ಬಂದಿದ್ದೇನೆ. ಅದು ಇಲ್ಲದ ಸ್ಟಿಕ್ ಆದರೆ ಮ್ಯಾಚ್ ದಿನ ಔಟ್‌ಪುಟ್ ಅನ್ನು ಕೈಯಲ್ಲೇ 50ಕ್ಕೆ ಇಡಿ.

4ಕೆ ಬಗ್ಗೆ ಒಂದೇ ಮಾತು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿ. ಎಚ್‌ಡಿ ಚಾನೆಲ್ ಕಳಿಸುವುದು 21 ಲಕ್ಷದಷ್ಟು. ನಾಲ್ಕರಲ್ಲಿ ಮೂರು ಚುಕ್ಕಿ ಟಿವಿಯೇ ಊಹಿಸಿ ತುಂಬಿದ್ದು. ಹಾಗಾಗಿ ಅಂಗಡಿಯಲ್ಲಿ ಡೆಮೊ ನಿಲ್ಲಿಸಿ, ಸೆಟ್‌ಟಾಪ್ ಬಾಕ್ಸ್ ಹಾಕಿ ಯಾವುದಾದರೂ ಹಳೇ ಮ್ಯಾಚ್ ತೋರಿಸಿ ಅನ್ನಿ. ಕಬಡ್ಡಿ ಬರುತ್ತಿದ್ದರೆ ಇನ್ನೂ ಒಳ್ಳೆಯದು. ರೇಡರ್ ಮೇಲೆ ಏಳು ಜನ ಒಟ್ಟಿಗೆ ಬಿದ್ದಾಗ ಜೆರ್ಸಿ ನಂಬರ್ ಓದೋಕಾದರೆ ಆ ಟಿವಿ ಪಾಸು.

ಈಗ ಸೋಫಾ ಕಡೆ ಬರೋಣ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಲ್ಲವೂ ಹಿಂದಿನಿಂದ ಬೆಳಕು ಬಿಡುವ ಎಲ್‌ಸಿಡಿಗಳೇ. ಒಳಗಿನ ಪ್ಯಾನಲ್ಲಿನಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎ ಅನ್ನುವುದರಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗುತ್ತದೆ, ಆದರೆ ಪಕ್ಕಕ್ಕೆ ಸರಿದು ಕೂತರೆ ಬಣ್ಣ ತೊಳೆದ ಹಾಗೆ. ಐಪಿಎಸ್‌ನಲ್ಲಿ ಮೂಲೆಯಿಂದಲೂ ಬಣ್ಣ ಚೆನ್ನ, ಆದರೆ ಕತ್ತಲ ಕೋಣೆಯಲ್ಲಿ ಕಪ್ಪು ಬೂದಿಬಣ್ಣ. ಮ್ಯಾಚ್ ದಿನ ಅಣ್ಣ, ಭಾವ, ಪಕ್ಕದ ಮನೆಯವರು, ನೆಲದ ಮೇಲೆ ಮಕ್ಕಳು ಅಂತ ಹತ್ತು ಜನ ಸೇರುವ ಮನೆಗೆ ಐಪಿಎಸ್. ಇಬ್ಬರೇ ಇರುವ ಮನೆಗೆ ವಿಎ. ಮದುವೆಯಾದ ಮೊದಲ ವರ್ಷ ಇಬ್ಬರೂ ಸೋಫಾದ ನಡುವೆಯೇ ಕೂರುತ್ತಾರೆ. ಐದು ವರ್ಷ ಕಳೆದ ಮೇಲೆ ಒಬ್ಬರು ಸೋಫಾದ ಈ ತುದಿ, ಇನ್ನೊಬ್ಬರು ದಿವಾನ್ ಮೇಲೆ. ಆಗಿನ ಲೆಕ್ಕ ಬೇರೆ. ಅಂಗಡಿಯಲ್ಲಿ ಪರದೆಯ ಮೇಲೆ ಒಂದು ಮುಖ ದೊಡ್ಡದಾಗಿ ಇರುವಾಗ ಎದುರಿಂದ ಪಕ್ಕಕ್ಕೆ ನಾಲ್ಕು ಹೆಜ್ಜೆ ನಡೆಯಿರಿ. ಕೆನ್ನೆಯ ಬಣ್ಣ ಎಲ್ಲಿ ಮಾಸುತ್ತದೋ ಅಲ್ಲಿಗೆ ಆ ಟಿವಿಯ ಸೀಟು ಮುಗಿಯಿತು.

ಒಎಲ್‌ಇಡಿಯಲ್ಲಿ ಈ ಜಗಳವೇ ಇಲ್ಲ. ಚುಕ್ಕಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುತ್ತದೆ. ಕಪ್ಪು ಅಂದರೆ ಕಪ್ಪು, ಯಾವ ಮೂಲೆಯಿಂದಲೂ. ದೀಪ ಆರಿಸಿ ಸಿನಿಮಾ ನೋಡುವ ಜೋಡಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕೂರಿಸಿಲ್ಲ. ಬೆಲೆ ಜಾಸ್ತಿ. ಶನಿವಾರ, ಭಾನುವಾರ ಮೂರೂವರೆಯ ಮ್ಯಾಚಿಗೆ ಎದುರು ಕಿಟಕಿಯ ಬಿಸಿಲು ಬಿದ್ದರೆ ಮಿನಿ ಎಲ್‌ಇಡಿಯಷ್ಟು ತಡೆಯುವುದಿಲ್ಲ. ಸ್ಕೋರ್ ಪಟ್ಟಿ ಪರದೆಯಲ್ಲೇ ಅಚ್ಚಾಗಿ ಉಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಹೆದರಿಕೆ ಇಡೀ ದಿನ ಒಂದೇ ನ್ಯೂಸ್ ಚಾನೆಲ್ ಓಡಿಸುವ ಮನೆಗಳದು, ಸಂಜೆ ಮ್ಯಾಚ್ ನೋಡುವವರದಲ್ಲ. ಆದರೆ ನಮ್ಮಲ್ಲಿ ಒಂದು ಅಭ್ಯಾಸ ಇದೆಯಲ್ಲ, ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸುವುದು, ಒಎಲ್‌ಇಡಿಗೆ ಅದು ಬೇಡ. ರಿಮೋಟಿನಲ್ಲಿ ಆರಿಸಿದ ಮೇಲೆ ಅದು ತನ್ನ ಚುಕ್ಕಿಗಳನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಅದಕ್ಕೆ ಕರೆಂಟ್ ಬೇಕು. ಗುಡುಗು ಸಿಡಿಲಿದ್ದರೆ ಮಾತ್ರ ಪ್ಲಗ್ಗೇ ಕೀಳಿ.

ಅಳತೆಗೆ ನನ್ನದೊಂದು ಲೆಕ್ಕ. ಟಿವಿಯ ಇಂಚನ್ನು 1.6ರಿಂದ ಗುಣಿಸಿ. 55 ಇಂಚಿಗೆ 88 ಇಂಚು, ಅಂದರೆ ಸುಮಾರು ಏಳೂಕಾಲು ಅಡಿ ದೂರ. 65ಕ್ಕೆ ಎಂಟೂಮುಕ್ಕಾಲು ಅಡಿ ಹತ್ತಿರ. ವಿಜಯನಗರದ ಆ ಹಾಲ್‌ನಲ್ಲಿ ಸೋಫಾದಿಂದ ಗೋಡೆಗೆ ಏಳೂವರೆ ಅಡಿ ಇತ್ತು. 55 ಅಂದೆ. ಅವನಿಗೆ 65 ಆಸೆ. ಹಳೇ ಪೇಪರ್ ಜೋಡಿಸಿ ಗೋಡೆಗೆ ಅಂಟಿಸಿ ತೋರಿಸಿದೆ. ಹೆಂಡತಿ ನೋಡಿ, "ರೀ, ಇದು ಮನೇನಾ ಟಾಕೀಸಾ?" ಅಂದಳು. ಅಲ್ಲಿಗೆ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಎಲ್ಲರಿಗೂ ಒಂದು ಸೈಜ್ ಮೇಲಕ್ಕೆ ಹೋಗುವ ಆಸೆ. ಉಳಿದ ದುಡ್ಡನ್ನು ಸೌಂಡ್‌ಬಾರ್‌ಗೆ ಹಾಕಿ. ತೆಳ್ಳಗಿನ ಟಿವಿಯ ಸ್ಪೀಕರ್ ಕೆಳಮುಖ. ಕಾಮೆಂಟರಿ ಹೇಗೋ ಕೇಳುತ್ತದೆ, ಸಿನಿಮಾದ ಪಿಸುಮಾತು ಕೇಳಲ್ಲ.

ಎತ್ತರದಲ್ಲಿ ಹತ್ತರಲ್ಲಿ ಎಂಟು ಮನೆ ತಪ್ಪು ಮಾಡುತ್ತದೆ. ದೇವರ ಫೋಟೊ ಹಾಕಿದಷ್ಟು ಮೇಲೆ ಟಿವಿ. ಪರದೆಯ ನಡುಭಾಗ ನೆಲದಿಂದ ಸುಮಾರು ಮೂರೂವರೆ ಅಡಿ ಇರಲಿ, ಸೋಫಾದಲ್ಲಿ ಕೂತವರ ಕಣ್ಣಿನ ಮಟ್ಟ ಅದು. ಹೆಗಲಿಗೆ ತಲೆ ಒರಗಿಸಿ ನೋಡುವವರಿದ್ದರೆ ಇನ್ನೂ ಎರಡು ಇಂಚು ಕೆಳಗೆ. ಇದನ್ನು ಹೇಳಿದಾಗ ಗಂಡ ಮೊಬೈಲ್ ನೋಡಿದ, ಹೆಂಡತಿ ಅಡುಗೆಮನೆಗೆ ಹೋದಳು. ನಾನು ಗೋಡೆಗೆ ಎರಡು ಇಂಚು ಕೆಳಗೇ ಗುರುತು ಹಾಕಿದೆ.

ಟಿವಿ ಕೂರಿಸಿದ ಹತ್ತು ದಿನಕ್ಕೆ ಮತ್ತೆ ಫೋನ್. "ಅಣ್ಣಾ, ಕತ್ತಲೆ ಸೀನಲ್ಲಿ ಟಿವಿ ಒಳಗೆ ಏನೋ ಮಿನುಗುತ್ತೆ." ಹೋಗಿ ನೋಡಿದೆ. ಸೋಫಾ ಹಿಂದಿನ ಊಟದ ಮೇಜಿನ ಮೇಲೆ ಎರಡು ಮೇಣದ ಬತ್ತಿ, ಹೂದಾನಿ. ಶುಕ್ರವಾರದ ಏರ್ಪಾಡು. ಆ ಎರಡು ಜ್ವಾಲೆ ಪರದೆಯಲ್ಲಿ ನೇರ ಹೀರೋನ ಅಂಗಿಯ ಮೇಲೆ ಉರಿಯುತ್ತಿದ್ದವು. ಇದನ್ನು ಪರೀಕ್ಷಿಸೋದು ಸುಲಭ. ನಿಮ್ಮ ಜಾಗದಲ್ಲಿ ಕೂತು ಟಿವಿ ಆರಿಸಿ. ಆರಿದ ಪರದೆ ಕನ್ನಡಿಯೇ. ಅದರಲ್ಲಿ ಏನು ಹೊಳೆಯುತ್ತದೋ ಸಿನಿಮಾದಲ್ಲೂ ಅದೇ ಹೊಳೆಯುತ್ತದೆ. ಬತ್ತಿಗಳನ್ನು ಟಿವಿ ಪಕ್ಕದ ಗೋಡೆಯ ಮೂಲೆಗೆ ತಂದಿಟ್ಟೆ, ಕರ್ಟನ್‌ನಿಂದ ದೂರ. ಟಿವಿಯ ಹಿಂದೆ, ಯುಎಸ್‌ಬಿಯಲ್ಲೇ ಉರಿಯುವ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದೆ. ಗೋಡೆಗೆ ಮಂದ ಬೆಳಕು ಬಿದ್ದರೆ ಕಣ್ಣು ಸೋಲುವುದಿಲ್ಲ, ಪರದೆಯ ಕಪ್ಪೂ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ನಿಯಮದ ಪ್ರಕಾರ ಅದು ಬಿಳಿ ಬೆಳಕಾಗಿರಬೇಕು. ಆವತ್ತು ನಾನು ಹಾಕಿದ್ದು ಹಳದಿ. ಆ ಕೋಣೆಗೆ ಅದೇ ಸರಿ ಅನಿಸಿತು.

ಮ್ಯಾಚ್ ದಿನದ ಸಂಜೆ ಬೇರೆ. ಆವತ್ತು ಹತ್ತು ಗಂಟೆಗೆ ಸಿನಿಮಾ ಅಂತ ಮಾತು ಕೊಡಬೇಡಿ, ಮುಗಿಯುವುದೇ ಹನ್ನೊಂದೂಕಾಲು. ಎರಡು ಇನ್ನಿಂಗ್ಸ್ ನಡುವೆ 20 ನಿಮಿಷ ಬಿಡುವು ಇರುತ್ತದೆ. ಟಿವಿ ಮ್ಯೂಟ್ ಮಾಡಿ ಊಟ ಆಗಲೇ ಮುಗಿಸಿ, ತಟ್ಟೆ ತೊಡೆಯ ಮೇಲಲ್ಲ, ಮೇಜಿನ ಮೇಲೆ. ಆ್ಯಪ್‌ನಲ್ಲಿ ನೋಡುವವರಾದರೆ ಫೋನ್ ಪಕ್ಕಕ್ಕಿಡಿ. ಆ್ಯಪ್ ಸಾಮಾನ್ಯವಾಗಿ ಡಿಟಿಎಚ್‌ಗಿಂತ ಹಿಂದೆ. ಇಲ್ಲಿ ಬೌಲರ್ ಇನ್ನೂ ಓಡುತ್ತಿರುವಾಗ ಪಕ್ಕದ ಮನೆಯವರು ಕೂಗಿ ಆಗಿರುತ್ತದೆ.

ಕೊನೆಗೆ ಅವರ ಟಿವಿಯಲ್ಲಿ ಎರಡು ಸೆಟ್ಟಿಂಗ್ ಮಾಡಿಟ್ಟೆ. ಎಷ್ಟೋ ಟಿವಿಗಳು ಒಂದೊಂದು ಇನ್‌ಪುಟ್‌ಗೂ ಬೇರೆ ಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸ್ ಬರುವ ಕಡೆ ಸ್ಟ್ಯಾಂಡರ್ಡ್, ಸ್ಮೂತಿಂಗ್ ಕಮ್ಮಿ. ಸಿನಿಮಾ ಆ್ಯಪ್‌ಗಳಿಗೆ ಫಿಲ್ಮ್‌ಮೇಕರ್. ಸ್ಪೋರ್ಟ್ಸ್ ಮೋಡ್ ನಾನು ಯಾರಿಗೂ ಹಾಕಿಕೊಡುವುದಿಲ್ಲ. ಅದರಲ್ಲಿ ಹುಲ್ಲು ರೇಡಿಯಂ ಸ್ಟಿಕ್ಕರ್ ಥರ ಹೊಳೆಯುತ್ತದೆ.

ತಿಂಗಳ ಮೇಲೆ ಆ ಹುಡುಗ ತಾನೇ ಫೋನ್ ಮಾಡಿದ. "ಅಣ್ಣಾ, ನಿನ್ನೆ ಪೂರ್ತಿ ಮ್ಯಾಚ್ ಅವಳ ಮೋಡಲ್ಲೇ ನೋಡಿಬಿಟ್ಟೆ. ಗೊತ್ತೇ ಆಗ್ಲಿಲ್ಲ. ಹುಲ್ಲು ನಿಜವಾದ ಹುಲ್ಲಿನ ಥರ ಇತ್ತು."

"ಬಾಲ್ ಕಂಡಿತಾ?"

"ಬೌಂಡರಿ ಹತ್ರ ಸ್ವಲ್ಪ ಮಸುಕು."

ಸ್ಮೂತಿಂಗ್ ಮಾತ್ರ ಎರಡಕ್ಕೆ ಏರಿಸಿಕೋ ಅಂದೆ. ಸಿನಿಮಾ ಹಾಕುವಾಗ ಮತ್ತೆ ಸೊನ್ನೆಗೆ ತರೋದನ್ನು ಮರೀಬೇಡ ಅಂತಲೂ ಹೇಳಿದೆ. "ಅದನ್ನ ಅವಳು ನೋಡ್ಕೋತಾಳೆ ಬಿಡಿ, ರಿಮೋಟ್ ಈಗ ಅವಳ ಹತ್ರಾನೇ ಇರೋದು" ಅಂದ.